ಜೊತೆಗೆ ಗಾಳ ಹಾಕುತ್ತಿದ್ದವರು ತೀರಿಕೊಂಡ ಮೇಲೆ ಒಬ್ಬರೇ ಹೊಳೆಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಎಷ್ಟೋ ವರ್ಷ ಜೊತೆಗೆ ಗಾಳ ಹಾಕುತ್ತಿದ್ದ ಗೆಳೆಯ ಹೋಗಿಬಿಟ್ಟರು, ಅವರ ಗಾಳ, ದಾರ ಎಲ್ಲ ನಿಮ್ಮ ಮನೆಯಲ್ಲೇ ಉಳಿದಿದೆ, ಈಗ ಒಬ್ಬರೇ ಹೊಳೆಗೆ ಹೋದರೆ ಅವರನ್ನು ಮರೆತ ಹಾಗೆ ಆಗುತ್ತಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಹೋಗಿ. ನನ್ನ ಭಾವ ತೀರಿಕೊಂಡಾಗ ನಾನೂ ಇದೇ ಯೋಚನೆಯಲ್ಲಿ ತುಂಬ ದಿನ ಹೊಳೆ ಕಡೆ ಮುಖ ಹಾಕಿರಲಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮೂರು ಕುಂದಾಪುರದ ಹತ್ತಿರ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ, ಈ ಐದು ಹೊಳೆಗಳೂ ಗಂಗೊಳ್ಳಿಯ ಹತ್ತಿರ ಒಂದಾಗಿ ಕಡಲು ಸೇರುತ್ತವೆ. ಅದನ್ನೇ ಪಂಚಗಂಗಾವಳಿ ಅನ್ನುವುದು. ನಡುವೆ ಉಪ್ಪಿನಕುದ್ರುವಿನಂಥ ಕುದ್ರುಗಳು, ಅಂದರೆ ನಡುಗಡ್ಡೆಗಳು. ದಡದ ಉದ್ದಕ್ಕೂ ಉಪ್ಪುನೀರಿನಲ್ಲೇ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಭಾವ ಮೀನುಗಾರರಲ್ಲ, ಟೈಲರ್. ಅಂಗಡಿಗೆ ರಜೆ ಇದ್ದ ದಿನ, ಇಲ್ಲದಿದ್ದರೆ ಅಂಗಡಿ ಮುಚ್ಚಿದ ಮೇಲೆ, ನಮ್ಮ ಮನೆ ಅಂಗಳಕ್ಕೆ ಬಂದು ನಿಂತು 'ನೀರ್ ತಿರ್ಗುಕಾಯ್ತ್, ಹೋಪ್ವಾ?' (ಉಬ್ಬರ ಇಳಿತದ ನೀರು ತಿರುಗುವ ಹೊತ್ತಾಯಿತು, ಹೋಗೋಣವಾ) ಅಂತ ಕರೆಯುತ್ತಿದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ, ಆಗಲೇ ದಾರಿ ಹಿಡಿದಿರುತ್ತಿದ್ದರು.

ಅವರು ಕೋಲು, ರೀಲು ಬಳಸಿದವರಲ್ಲ. ಒಂದು ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ಸೀಸದ ಗುಂಡು, ಗಾಳ, ಅಷ್ಟೇ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಹಿಡಿಯುತ್ತಿದ್ದರು. ಆ ಬೆರಳಿನಲ್ಲಿ ದಾರ ಎಳೆದೆಳೆದು ಒಂದು ಗೀರು ಬಿದ್ದಿತ್ತು, ಅದರ ಪಕ್ಕದಲ್ಲೇ ಸೂಜಿ ಚುಚ್ಚಿದ ಕಲೆಗಳು. ಏಡಿ ಎಳೆಯುತ್ತಿದೆಯೋ, ಮೀನು ಕಚ್ಚಿತೋ ಅನ್ನುವುದು ಆ ಬೆರಳಿಗೆ ಕೂಡಲೇ ಗೊತ್ತಾಗುತ್ತಿತ್ತು. ಏಡಿಯಾದರೆ ನಿಧಾನಕ್ಕೆ, ಒಂದೇ ಸಮ ಎಳೆಯುತ್ತದೆ. ಸಣ್ಣ ಮೀನು ಟಕ್ ಟಕ್ ಅಂತ ಕುಟ್ಟುತ್ತದೆ. ಕೆಂಬೇರಿ ಅನ್ನುವ ಮೀನು ಹಾಗಲ್ಲ. ನುಂಗಿದ ತಕ್ಷಣ ಕಾಂಡ್ಲಾ ಬೇರಿನ ಸಂದಿಗೆ ನುಗ್ಗುತ್ತದೆ. ಮೊದಲ ಎಳೆತಕ್ಕೆ ದಾರ ಬಿಟ್ಟುಕೊಟ್ಟಿರೋ, ಬೇರಿಗೆ ಸುತ್ತಿಕೊಂಡು ಕಡಿದೇ ಹೋಗುತ್ತದೆ.

ಸಿಗಡಿಯನ್ನು ಗಾಳಕ್ಕೆ ಏರಿಸುವುದನ್ನಂತೂ ಅವರ ಕೈಯಲ್ಲೇ ನೋಡಬೇಕಿತ್ತು. ಜೀವಂತ ಸಿಗಡಿಯ ತಲೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಗಾಳದ ಮೊನೆ ಅದಕ್ಕೆ ತಾಗಿದರೆ ಸಿಗಡಿ ಅಲ್ಲೇ ಸತ್ತುಹೋಗುತ್ತದೆ. ಚುಕ್ಕೆಗಿಂತ ಸ್ವಲ್ಪ ಮುಂದೆ, ಕೊಂಬಿನ ಬುಡದಲ್ಲಿ ಮೊನೆ ದಾಟಿಸಿದರೆ ನೀರಿನಲ್ಲಿ ತುಂಬ ಹೊತ್ತು ಓಡಾಡಿಕೊಂಡಿರುತ್ತದೆ. ಸಂಜೆ ಮಬ್ಬಿನಲ್ಲಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಸೂಜಿಗೆ ದಾರ ಪೋಣಿಸುವಷ್ಟು ಸಲೀಸಾಗಿ ಭಾವ ಅದನ್ನು ಮಾಡುತ್ತಿದ್ದರು.

ಗೇಣುದ್ದಕ್ಕಿಂತ ಸಣ್ಣ ಕೆಂಬೇರಿ ಸಿಕ್ಕಿದರೆ ಬಿಟ್ಟುಬಿಡುತ್ತಿದ್ದರು. ಈ ಮೀನು ಮರಿಯಾಗಿದ್ದಾಗ ಹೊಳೆಯ ಕಾಂಡ್ಲಾ ಬೇರುಗಳ ನಡುವೆ ಬೆಳೆದು, ದೊಡ್ಡದಾದ ಮೇಲೆ ಕಡಲಿನ ಕಲ್ಲುಗಳ ಕಡೆಗೆ ಹೋಗುತ್ತದೆ. 'ಅದ್ ಕಡ್ಲಿಗ್ ಹೋಯ್ಕ್' ಅನ್ನುತ್ತ ಗಾಳ ಬಿಡಿಸಿ, ನೀರಿನಲ್ಲಿ ಕೈಯಾಡಿಸಿ ಕಳಿಸುತ್ತಿದ್ದರು. ಮನೆಯಲ್ಲಿ ಸಾರಿಗೆ ಮೀನಿಲ್ಲದ ದಿನವೂ ಹಾಗೇ.

ಹೊಳೆಯ ಲೆಕ್ಕ ಅವರಿಗೆ ಪಂಚಾಂಗದಲ್ಲೇ ಇತ್ತು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು. ಸೀಸದ ಗುಂಡು ತಳದಲ್ಲಿ ನಿಲ್ಲುವುದೇ ಇಲ್ಲ. ಅಷ್ಟಮಿ, ನವಮಿ ಹೊತ್ತಿಗೆ ನೀರಿನ ಎಳೆತ ಕಡಿಮೆ, ದಾರ ಹಾಕಿದಲ್ಲೇ ಇರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇದೆಲ್ಲ ಈಗ ಮೊಬೈಲಿನಲ್ಲೂ ಸಿಗುತ್ತದೆ. ಆದರೆ ಅಳಿವೆ ಬಾಯಲ್ಲಿ ನೀರು ತಿರುಗಿದ ಎಷ್ಟು ಹೊತ್ತಿಗೆ ನಾವು ಕೂರುವ ಜಾಗದಲ್ಲಿ ತಿರುಗುತ್ತದೆ, ಯಾವ ಕಾಂಡ್ಲಾದ ಬುಡದಲ್ಲಿ ಗುಂಡಿ ಇದೆ, ಮಳೆಗಾಲ ಮುಗಿದು ಕೆಂಪು ನೀರು ತಿಳಿಯಾದ ಮೇಲೆ ಮೊದಲು ಎಲ್ಲಿ ಗಾಳ ಹಾಕಬೇಕು, ಇದು ಯಾವ ಪಟ್ಟಿಯಲ್ಲೂ ಇಲ್ಲ. ಇದು ಭಾವನಿಗೆ ಗೊತ್ತಿತ್ತು, ಅವರಿಂದ ನನಗೆ ಗೊತ್ತಾಯಿತು.

ಅವರು ಹೋದದ್ದು ಒಂದು ರಾತ್ರಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ. ಅದರ ಬಗ್ಗೆ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ.

ಆಮೇಲೆ ಮನೆಗೆ ಬಂದವರೆಲ್ಲ ಅವರ ಒಳ್ಳೆಯತನ ಹೇಳಿದರು, ಹೊಲಿಗೆ ಹೊಗಳಿದರು. ಎಲ್ಲ ನಿಜವೇ. ಆದರೆ ನನಗೆ ಗೊತ್ತಿದ್ದ ಭಾವ ಬೇರೆಯವರ ಮಾತಿನಲ್ಲಿ ಇರಲೇ ಇಲ್ಲ. ಮನೆಯಲ್ಲಿ ಎದುರುಬದುರು ಕೂತರೆ ನಮ್ಮಿಬ್ಬರಿಗೂ ಮಾತು ಬರುತ್ತಿರಲಿಲ್ಲ. ಹೊಳೆಬದಿಯಲ್ಲಿ ಇಬ್ಬರ ಕಣ್ಣೂ ದಾರದ ಮೇಲೆ ಇರುತ್ತಿತ್ತಲ್ಲ, ಅಲ್ಲಿ ಬರುತ್ತಿತ್ತು. ರೆಡಿಮೇಡ್ ಬಟ್ಟೆ ಬಂದು ಅಂಗಡಿಗೆ ಜನ ಕಡಿಮೆಯಾದಾಗ ಅವರು ಪಟ್ಟ ಹೆದರಿಕೆ ಅಕ್ಕನಿಗೂ ಪೂರ್ತಿ ಗೊತ್ತಿರಲಿಲ್ಲ. ನನ್ನ ಅಮ್ಮನಿಗೆ ಕಾಯಿಲೆ ಜೋರಾದಾಗ ನಾನು ಮೊದಲು ಅತ್ತದ್ದು ಅಲ್ಲಿಯೇ. ಭಾವ ಸಮಾಧಾನ ಹೇಳಲಿಲ್ಲ. ನನ್ನ ಕೈಯಿಂದ ದಾರ ತೆಗೆದುಕೊಂಡು, ಸವೆದ ತುದಿ ಕತ್ತರಿಸಿ, ಗಾಳವನ್ನು ಹೊಸದಾಗಿ ಕಟ್ಟಿ ವಾಪಸ್ ಕೊಟ್ಟರು. ಇಂಥದ್ದೆಲ್ಲ ಇಬ್ಬರಿಗೆ ಮಾತ್ರ ಗೊತ್ತಿತ್ತು, ಈಗ ನನಗೊಬ್ಬನಿಗೆ ಮಾತ್ರ. ಮೀನು ಹಿಡಿಯುವ ಜೊತೆಗಾರ ಹೋದಾಗ ಆಗುವ ಸಂಕಟ ಇದೇ ಇರಬೇಕು. ನಿಮ್ಮ ಪ್ರಶ್ನೆಯಲ್ಲೂ ನನಗೆ ಅದೇ ಕಾಣಿಸಿತು.

ನನ್ನನ್ನು ಮತ್ತೆ ಹೊಳೆಗೆ ಕರೆದುಕೊಂಡು ಹೋದದ್ದು ಅಕ್ಕನ ಮಗಳು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾದದ್ದೆಲ್ಲ ಎಲೆಯಲ್ಲಿ ಇರಬೇಕು. ಆ ವರ್ಷ ಮಾರ್ಕೆಟ್ಟಿನ ಮೀನು ಬೇಡ, ಅಪ್ಪ ಕೂರುತ್ತಿದ್ದಲ್ಲಿಂದಲೇ ಹಿಡಿದು ತರೋಣ ಅಂದಳು. ಅಮಾವಾಸ್ಯೆ ಅಂದರೆ ನೀರಿನ ಎಳೆತ ಜೋರು. ಗಾಳಕ್ಕೆ ಅದಕ್ಕಿಂತ ಕೆಟ್ಟ ದಿನ ಇಲ್ಲ. ಆದರೆ ಅಂಥ ದಿನವೂ ಬೆಳಗಿನ ಜಾವ ಇಳಿತ ಮುಗಿದು ಉಬ್ಬರ ಶುರುವಾಗುವ ನಡುವೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಗಳಿಗೆಯನ್ನು ನನಗೆ ತೋರಿಸಿದ್ದೇ ಭಾವ. ಕಾಂಡ್ಲಾ ಬುಡದಲ್ಲಿ ತೇಲುವ ಎಲೆ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಸುಮ್ನೆ ಇದ್ದರೆ ಅದೇ ಹೊತ್ತು. ಅವಳಿಗೆ ಆ ಎಲೆ ತೋರಿಸಿದೆ, ಸಿಗಡಿಯ ಕಪ್ಪು ಚುಕ್ಕೆ ತೋರಿಸಿದೆ. ಕೆಂಬೇರಿ ಸಿಗಲಿಲ್ಲ. ಕಾಣೆ ಮೀನು ಸಿಕ್ಕಿತು, ಅಕ್ಕ ಅದನ್ನೇ ಸಾರು ಮಾಡಿ ಎಲೆಗೆ ಬಡಿಸಿದಳು.

ಈಗ ನಾವಿಬ್ಬರೂ ಹೋಗುತ್ತೇವೆ. ಅವಳು ತುಂಬ ಪ್ರಶ್ನೆ ಕೇಳುತ್ತಾಳೆ. ಅಪ್ಪ ಇಲ್ಲಿ ಕೂತು ಏನು ಹೇಳುತ್ತಿದ್ದರು, ನನ್ನ ಬಗ್ಗೆ ಮಾತಾಡುತ್ತಿದ್ದರಾ, ಈ ಜಾಗ ಹೇಗೆ ಗೊತ್ತಾಯಿತು ಅಂತೆಲ್ಲ. ಗೊತ್ತಿದ್ದದ್ದೆಲ್ಲ ಹೇಳುತ್ತೇನೆ. ಅಂಗಡಿಯ ಹೆದರಿಕೆಯ ವಿಷಯವನ್ನೂ ಹೇಳಿದೆ. ಮುಚ್ಚಿಡಬೇಕು ಅಂತ ನನಗೆ ಅನ್ನಿಸಲಿಲ್ಲ. ಹೇಳಿದಷ್ಟೂ ನನ್ನ ಎದೆಯ ಭಾರ ಕಡಿಮೆಯಾಗುತ್ತಿದೆ.

ಇನ್ನು ಗೆಳೆಯರ ಸಾಮಾನಿನ ಬಗ್ಗೆ ಕೇಳಿದ್ದೀರಿ. ಹಾಗೇ ಕಟ್ಟಿಡಬೇಡಿ. ಬಿಸಿಲು ಬೀಳುವಲ್ಲಿಟ್ಟರೆ ನೈಲಾನ್ ದಾರ ಪೆಡಸಾಗಿ ಸುಮ್ಮನೆ ಎಳೆದರೂ ತುಂಡಾಗುತ್ತದೆ. ಉಪ್ಪುನೀರು ತಾಗಿದ ಗಾಳಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಗಾಳಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಸ್ವಲ್ಪ ಎಣ್ಣೆ ಸವರಿಡಿ. ದಾರ ಹಳತಾಗಿದ್ದರೆ ಬದಲಿಸಿ, ಅವರು ಸುತ್ತುತ್ತಿದ್ದ ಮರದ ತುಂಡು ಅದೇ ಇರಲಿ. ನಾನು ಹಾಗೇ ಮಾಡಿದ್ದೇನೆ. ಆಮೇಲೆ ಗೆಳೆಯರ ಮನೆಗೆ ಒಮ್ಮೆ ಹೋಗಿ ಬನ್ನಿ. ಮಗನೋ, ತಮ್ಮನೋ, ಹೆಂಡತಿಯೋ, ಯಾರಿಗಾದರೂ ಅವರು ಕೂರುತ್ತಿದ್ದ ಜಾಗ ನೋಡಬೇಕು ಅಂತ ಇರಬಹುದು, ಕೇಳಲು ಸಂಕೋಚಪಟ್ಟಿರಬಹುದು. ನೀವೇ ಮೊದಲು ಕರೆಯಿರಿ. ಯಾರೂ ಬರದಿದ್ದರೆ ಒಬ್ಬರೇ ಹೋಗಿ. ಅಷ್ಟಮಿಯ ಹೊತ್ತಿಗೆ ಹೋದರೆ ಒಳ್ಳೆಯದು, ನಿಮ್ಮ ಹೊಳೆಯೂ ಉಬ್ಬರ ಇಳಿತದ್ದಾದರೆ.