ಮೈಕ್ರೋಚಾನೆಲ್‌ನಲ್ಲಿ ಎರಡು ದ್ರವ ಬೆರೆಯುತ್ತಿಲ್ಲ, ಅಂಕುಡೊಂಕು ಮಾಡಿದರೆ ಸರಿಹೋಗುತ್ತಾ?

ನೀವು ಕೊಟ್ಟ ವಿವರ ಇಷ್ಟು. ಚಿಪ್‌ನಲ್ಲಿ ವೈ ಆಕಾರದ ಚಾನೆಲ್ (ಸಣ್ಣ ಕಾಲುವೆ), 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ) ಅಗಲ, 100 ಮೈಕ್ರಾನ್ ಆಳ, 2 ಸೆಂ.ಮೀ. ಉದ್ದ. ಎರಡೂ ಬಾಯಿ ಸೇರಿ ನಿಮಿಷಕ್ಕೆ 10 ಮೈಕ್ರೋಲೀಟರ್. ಕೆಂಪು ನೀರು, ನೀಲಿ ನೀರು ಮಾತು ಬಿಟ್ಟ ದಾಯಾದಿಗಳ ಹಾಗೆ ಕೊನೆಯವರೆಗೂ ಪಕ್ಕಪಕ್ಕದಲ್ಲೇ ಹೋಗುತ್ತಿವೆ, ನಡುವೆ ಒಂದು ನೇರಳೆ ಪಟ್ಟಿ ಮಾತ್ರ. ಪಂಪ್ ಜೋರು ಮಾಡಲಾ, ಇಲ್ಲ ಚಾನೆಲ್ ಅಂಕುಡೊಂಕು ಮಾಡಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಯಾಕೆ ಅಂತ ನಿಮ್ಮದೇ ಅಂಕಿಗಳಲ್ಲಿ ನೋಡೋಣ.

ನಿಮ್ಮ ದ್ರವದ ವೇಗ ಸೆಕೆಂಡಿಗೆ ಸುಮಾರು 8 ಮಿ.ಮೀ. ರೆನಾಲ್ಡ್ಸ್ ಸಂಖ್ಯೆ, ಅಂದರೆ ದ್ರವದ ನುಗ್ಗುವ ಬಲ ಅದರ ಅಂಟಿನ ಬಲದ ಎಷ್ಟು ಪಟ್ಟು ಅನ್ನುವ ಅಂಕಿ, ಹೆಚ್ಚೂಕಡಿಮೆ 1. ಕೊಳವೆಯಲ್ಲಿ ನೀರು ತಾನಾಗಿ ಸುಳಿಯೆದ್ದು ಕಲಕಿಕೊಳ್ಳಬೇಕಾದರೆ ಆ ಸಂಖ್ಯೆ 2000ದ ಹತ್ತಿರ ಹೋಗಬೇಕು. ಪಂಪ್ ಜೋರು ಮಾಡಿ ಅಲ್ಲಿಗೆ ಮುಟ್ಟಿಸುತ್ತೇನೆ ಅಂದರೆ, ಕೂದಲೆಳೆಯಷ್ಟು ಸಣ್ಣ ಚಾನೆಲ್‌ನಲ್ಲಿ ನೀರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಬೇಕು. ಹೈವೇ ಬಸ್ಸಿನ ವೇಗ! ಅದಕ್ಕೂ ಮೊದಲೇ ಚಿಪ್ ಬಾಯಿಬಿಟ್ಟು ಮೇಜೆಲ್ಲ ಒದ್ದೆಯಾಗಿರುತ್ತದೆ.

ಹಾಗಾಗಿ ಬೆರೆಸುವ ಕೆಲಸ ಪೂರ್ತಿ ಡಿಫ್ಯೂಷನ್ (ಅಣುಗಳು ತಾವಾಗಿ ಮೆಲ್ಲಗೆ ಹರಡಿಕೊಳ್ಳುವುದು) ತಲೆ ಮೇಲೆ ಬೀಳುತ್ತದೆ. ಸಾಮಾನ್ಯ ಬಣ್ಣದ ಅಣು 200 ಮೈಕ್ರಾನ್ ದಾಟಲು ಸುಮಾರು 50 ಸೆಕೆಂಡ್ ಬೇಕು. ನಿಮ್ಮ ಚಾನೆಲ್‌ನಲ್ಲಿ ಅದಕ್ಕೆ ಸಿಗುವ ಸಮಯ ಎರಡೂವರೆ ಸೆಕೆಂಡೂ ಇಲ್ಲ. ಅಷ್ಟರಲ್ಲಿ ಅದು 40 ಮೈಕ್ರಾನ್ ಆಸುಪಾಸು ಹರಡುತ್ತದೆ. ನೀವು ನೋಡಿದ ನೇರಳೆ ಪಟ್ಟಿ ಅದೇ. ನೇರ ಚಾನೆಲ್‌ನಲ್ಲೇ ಪೂರ್ತಿ ಬೆರೆಯಬೇಕು ಅಂದರೆ 40 ಸೆಂ.ಮೀ. ಉದ್ದ ಬೇಕು.

ಈಗ ಅಂಕುಡೊಂಕಿನ ವಿಷಯ. ತಿರುವಿನಲ್ಲಿ ದ್ರವ ಹೊರಗೋಡೆಯ ಕಡೆ ನುಗ್ಗಿ, ಮೇಲೆ ಕೆಳಗೆ ಎರಡು ಸುಳಿ ಹುಟ್ಟುವುದು ನಿಜ, ಅದಕ್ಕೆ ಡೀನ್ ಸುಳಿ ಅಂತಾರೆ. ಆದರೆ ಹಾಗೆ ನುಗ್ಗಬೇಕಾದರೆ ದ್ರವಕ್ಕೆ ಜಡತ್ವದ ಬಲ ಇರಬೇಕು. ರೆನಾಲ್ಡ್ಸ್ ಸಂಖ್ಯೆ ಹತ್ತಾರು ದಾಟಿದರೆ ಆ ಸುಳಿ ಕೆಲಸಕ್ಕೆ ಬರುತ್ತದೆ. 1ರಲ್ಲಿ ಅದು ಇದ್ದೂ ಇಲ್ಲದ ಹಾಗೆ. ನಿಮ್ಮ ಅಂಕುಡೊಂಕು ಚಾನೆಲ್ ಕಡಿಮೆ ಜಾಗದಲ್ಲಿ ಮಡಚಿಟ್ಟ ಉದ್ದ ಚಾನೆಲ್ ಅಷ್ಟೇ. ಎಷ್ಟೋ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಇದನ್ನೇ 'ಮಿಕ್ಸರ್' ಅಂತ ಬರೆದಿರುತ್ತಾರೆ, ನನಗಂತೂ ನೋಡಿದಾಗಲೆಲ್ಲ ಕಿರಿಕಿರಿ.

ಅಗಲ ಕಮ್ಮಿ ಮಾಡುವ ದಾರಿಯೂ ಇದೆ. 50 ಮೈಕ್ರಾನಿಗೆ ಇಳಿಸಿದರೆ 40 ಸೆಂ.ಮೀ. ಬದಲು 10 ಸೆಂ.ಮೀ. ಸಾಕು, ಆದರೆ ಅಷ್ಟೇ ಉದ್ದಕ್ಕೆ ಒತ್ತಡ 16 ಪಟ್ಟು ಏರುತ್ತದೆ. ಸಣ್ಣ ಕಸ ಸಿಕ್ಕಿಕೊಂಡರೂ ಕಥೆ ಮುಗಿಯಿತು.

ಹಾಗಾದರೆ ಏನು ಮಾಡಬೇಕು? ಚಿರೋಟಿ ಮಾಡುವುದನ್ನು ನೋಡಿದ್ದೀರಲ್ವಾ? ಲಟ್ಟಿಸಿ, ಸಾಟಿ ಹಚ್ಚಿ, ಒಂದರ ಮೇಲೊಂದಿಟ್ಟು ಸುತ್ತಿ, ಕತ್ತರಿಸಿ ಮತ್ತೆ ಲಟ್ಟಿಸುತ್ತಾರೆ. ಯಾರೂ ಕಲಕುವುದಿಲ್ಲ, ಆದರೂ ಪದರು ತೆಳ್ಳಗಾಗುತ್ತಲೇ ಹೋಗುತ್ತದೆ. ನಿಮ್ಮಲ್ಲಿ ಈಗ 100 ಮೈಕ್ರಾನಿನ ಎರಡು ಪದರು ಇವೆ. ಐದು ಸಲ ಎಳೆದು ಮಡಚಿದರೆ 64 ಪದರು, ಒಂದೊಂದು ಸುಮಾರು 3 ಮೈಕ್ರಾನ್. ದೂರ ಅರ್ಧವಾದರೆ ಡಿಫ್ಯೂಷನ್ ಸಮಯ ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ 3 ಮೈಕ್ರಾನ್ ದಾಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ತಾನಾಗಿ ಕಲಕಿಕೊಳ್ಳದ ಶಾಂತ ಹರಿವಿನಲ್ಲೂ ದ್ರವವನ್ನು ಹೀಗೆ ಗೋಜಲು ಮಾಡಬಹುದು ಅಂತ 1984ರಲ್ಲಿ ವಿಜ್ಞಾನಿ ಹಸನ್ ಅರೆಫ್ ತೋರಿಸಿದರು.

ಚಿಪ್‌ನಲ್ಲಿ ಈ ಲಟ್ಟಣಿಗೆಯ ಕೆಲಸ ಮಾಡುವುದು ತಳದಲ್ಲಿ ಕೊರೆದ ಓರೆ ಕಚ್ಚುಗಳು. 2002ರಲ್ಲಿ ವಿಜ್ಞಾನಿಗಳಾದ ಸ್ಟ್ರೂಕ್, ವೈಟ್‌ಸೈಡ್ಸ್ ಮತ್ತು ಜೊತೆಗಾರರು ಪ್ರಕಟಿಸಿದ ಹೆರಿಂಗ್‌ಬೋನ್ ಮಿಕ್ಸರ್ ಇದೇ. ಮೇಲಿಂದ ನೋಡಿದರೆ ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ತಳದ ದ್ರವಕ್ಕೆ ಕಚ್ಚಿನ ಗುಂಟ ಹರಿಯುವುದು ಸುಲಭ, ಹಾಗಾಗಿ ಓರೆಯಾಗಿ ಪಕ್ಕಕ್ಕೆ ಸರಿಯುತ್ತದೆ. ಗೋಡೆ ಮುಟ್ಟಿ ಮೇಲಿಂದ ವಾಪಸ್ ಬರುತ್ತದೆ. ಜಡತ್ವ ಬೇಕಾಗಿಲ್ಲ, ರೆನಾಲ್ಡ್ಸ್ ಸಂಖ್ಯೆ 1ಕ್ಕಿಂತ ಎಷ್ಟೇ ಕೆಳಗಿದ್ದರೂ ನಡೆಯುತ್ತದೆ.

ಗುಟ್ಟು ಇರುವುದು ಮುಳ್ಳಿನ ಮೊನೆ, ಅಂದರೆ ಕಚ್ಚಿನ ಎರಡು ಓರೆ ತೋಳು ಸೇರುವ ಜಾಗ, ಎಲ್ಲಿದೆ ಅನ್ನುವುದರಲ್ಲಿ. ನಾನು ಮೊದಲ ಸಲ ಚಂದ ಕಾಣಲಿ ಅಂತ ಮೊನೆಯನ್ನು ಸರಿಯಾಗಿ ಮಧ್ಯಕ್ಕೆ ಇಟ್ಟೆ, ಎಲ್ಲ ಕಚ್ಚುಗಳೂ ಒಂದೇ ಥರ. ಎಡಕ್ಕೊಂದು ಬಲಕ್ಕೊಂದು ಸುಳಿ ಚೆನ್ನಾಗಿಯೇ ಎದ್ದಿತು. ಆದರೆ ಕೆಂಪು ತನ್ನ ಪಾಡಿಗೆ ತಿರುಗಿತು, ನೀಲಿ ತನ್ನ ಪಾಡಿಗೆ. ಒಂದು ವಾರ ನೀರಲ್ಲಿ ಹೋಮ. ಮೊನೆ ಅಗಲದ ಮೂರನೇ ಎರಡು ಭಾಗದಲ್ಲಿ ಇರಬೇಕು, ಆಗ ಒಂದು ಸುಳಿ ದೊಡ್ಡದು, ಒಂದು ಚಿಕ್ಕದು. ಕೆಲವು ಕಚ್ಚು ಆದಮೇಲೆ ಮೊನೆಯನ್ನು ಆಚೆ ಬದಿಗೆ ಬದಲಿಸಬೇಕು. ಆಗ ದೊಡ್ಡ ಸುಳಿಯಲ್ಲಿದ್ದ ದ್ರವದಲ್ಲಿ ಸ್ವಲ್ಪ ಭಾಗ ಇನ್ನೊಂದರ ಪಾಲಾಗುತ್ತದೆ. ಎಳೆಯುವುದು, ಮಡಚುವುದು ನಡೆಯುವುದು ಅಲ್ಲೇ.

ನಿಮ್ಮ ಚಾನೆಲ್‌ಗೆ ಹೀಗೆ ಶುರು ಮಾಡಿ. ಕಚ್ಚು 50 ಮೈಕ್ರಾನ್ ಅಗಲ, 30 ಮೈಕ್ರಾನ್ ಆಳ, ಒಂದರಿಂದ ಇನ್ನೊಂದಕ್ಕೆ 100 ಮೈಕ್ರಾನ್, 45 ಡಿಗ್ರಿ ಓರೆ. ಆರು ಕಚ್ಚು ಒಂದು ಕಡೆ, ಆರು ಇನ್ನೊಂದು ಕಡೆ, ಇಂಥ ಹತ್ತು ಸುತ್ತು. ಒಟ್ಟು 12 ಮಿ.ಮೀ., ನಿಮ್ಮ 2 ಸೆಂ.ಮೀ. ಒಳಗೇ ಹಿಡಿಸುತ್ತದೆ. ಅಚ್ಚಿಗೆ ಎಸ್‌ಯು-8 (ಬೆಳಕು ಬಿದ್ದ ಕಡೆ ಗಟ್ಟಿಯಾಗುವ ರಾಳ) ಎರಡು ಪದರು ಬೇಕು. ಎರಡನೇ ಮಾಸ್ಕ್ (ಬೆಳಕು ಬೇಕಾದ ಕಡೆ ಮಾತ್ರ ಬಿಡುವ ನಕ್ಷೆಯ ಹಾಳೆ) ಕೂರಿಸುವಾಗ ಅವಸರ ಬೇಡ, 30-40 ಮೈಕ್ರಾನ್ ಜಾರಿದರೂ ನಿಮ್ಮ ಮೂರನೇ ಎರಡು ಭಾಗ ಮಧ್ಯಕ್ಕೆ ಬಂದು ಕೂರುತ್ತದೆ. ಕಚ್ಚುಗಳಲ್ಲಿ ಗುಳ್ಳೆ ಸಿಕ್ಕಿಕೊಳ್ಳುವುದು ಜಾಸ್ತಿ, ಮೊದಲು ಆಲ್ಕೋಹಾಲ್ ಹಾಯಿಸಿ ಆಮೇಲೆ ನೀರು ಬಿಡಿ.

ಇನ್ನೊಂದು ಮಾತು. ಮೈಕ್ರೋಸ್ಕೋಪಿನಲ್ಲಿ ಮೇಲಿಂದ ನೋಡಿ ಎಲ್ಲ ನೇರಳೆ ಆಯ್ತು ಅಂತ ಸಂಭ್ರಮಿಸಬೇಡಿ. ನೀಲಿ ಮೇಲೆ ಕೆಂಪು ಮಲಗಿದ್ದರೂ ಮೇಲಿಂದ ನೇರಳೆಯೇ ಕಾಣುತ್ತದೆ. ಕಾನ್‌ಫೋಕಲ್ (ಒಂದೊಂದು ಆಳವನ್ನೂ ಬೇರೆಬೇರೆಯಾಗಿ ತೋರಿಸುವ ಮೈಕ್ರೋಸ್ಕೋಪ್) ಸಿಕ್ಕರೆ ಅಡ್ಡಸೀಳು ನೋಡಿ. ಸಿಗದಿದ್ದರೆ ಒಂದು ಬಾಯಲ್ಲಿ ಫಿನಾಲ್ಫ್ಥಲೀನ್ (ಕ್ಷಾರ ಸೇರಿದರೆ ಗುಲಾಬಿಯಾಗುವ ಸೂಚಕ), ಇನ್ನೊಂದರಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಬಿಡಿ. ಎರಡೂ ನಿಜವಾಗಿ ಸೇರಿದ ಕಡೆ ಮಾತ್ರ ಗುಲಾಬಿ ಬರುತ್ತದೆ. ಆ ಗುಲಾಬಿ ಎಲ್ಲಿಯವರೆಗೆ ಗಾಢವಾಗುತ್ತಾ ಹೋಗಿ ಆಮೇಲೆ ನಿಲ್ಲುತ್ತದೆ ನೋಡಿ, ಬೆರೆಯಲು ಬೇಕಾದ ಉದ್ದ ಅದೇ.

ಅಂದಹಾಗೆ, ಬಣ್ಣದ ಪ್ರಯೋಗ ಮುಗಿದ ಮೇಲೆ ಏನನ್ನು ಬೆರೆಸುವವರಿದ್ದೀರಿ ಅಂತ ಬರೆದಿಲ್ಲ. ಪ್ರೋಟೀನ್ ಆದರೆ ಡಿಫ್ಯೂಷನ್ ಹತ್ತು ಪಟ್ಟು ನಿಧಾನ ಆಗಬಹುದು. ನೇರ ಚಾನೆಲ್ ಆಗಿದ್ದರೆ ಉದ್ದವೂ ಹತ್ತು ಪಟ್ಟು ಬೇಕಿತ್ತು, ಮುಳ್ಳಿನ ಚಾನೆಲ್‌ಗೆ ಇನ್ನು ಕೆಲವು ಸುತ್ತು ಸೇರಿಸಿದರೆ ಸಾಕು. ಏನು ಅಂತ ಹೇಳಿ, ಎಷ್ಟು ಸುತ್ತು ಅಂತ ಲೆಕ್ಕ ಹಾಕೋಣ.