ಅಮ್ಮನ ನಿದ್ದೆ ಮಾತ್ರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮಗನಿಗೆ

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಂದೆಯವರು ತೀರಿಕೊಂಡ ಮೇಲೆ ನಿದ್ದೆ ಬಾರದೆ ಬಳಲುತ್ತಿದ್ದ ನಿಮ್ಮ ತಾಯಿಯವರಿಗೆ ವೈದ್ಯರು ಎರಡು ವಾರಕ್ಕೆಂದು ರಾತ್ರಿ ಒಂದರಂತೆ 0.5 ಮಿಲಿಗ್ರಾಂನ ಆಲ್ಪ್ರಜೋಲಾಮ್ ಮಾತ್ರೆ ಬರೆದುಕೊಟ್ಟರು; ಅದೇ ಹಳೆಯ ಚೀಟಿ ತೋರಿಸಿ ಮೂರು ವರ್ಷ ಮಾತ್ರೆ ತಂದದ್ದಾಯಿತು. ಕಳೆದ ತಿಂಗಳು ನಸುಕಿನಲ್ಲಿ ಬಚ್ಚಲಿಗೆ ಹೊರಟ ಅವರು ಹೊಸ್ತಿಲ ಬಳಿ ಬಿದ್ದರು. ಗಾಬರಿಯಾದ ನೀವು ಮಾತ್ರೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ. ಎರಡನೆಯ ದಿನಕ್ಕೆ ಕಾಫಿ ಲೋಟ ಹಿಡಿಯಲಾಗದಷ್ಟು ಅವರ ಕೈ ನಡುಗಿ, ಮೈ ಬೆವರಿ, ಕೊನೆಗೆ ನೀವೇ ಬೀಗ ತೆಗೆದು ಮಾತ್ರೆ ಕೊಟ್ಟಿರಿ. ‘ಅಮ್ಮ ಚಟಕ್ಕೆ ಬಿದ್ದಿದ್ದಾರೆಯೇ, ಮನಸ್ಸು ಕಲ್ಲು ಮಾಡಿಕೊಂಡು ನಿಲ್ಲಿಸಿಬಿಡಬೇಕಿತ್ತೇ?’ ಎಂದು ಕೇಳಿದ್ದೀರಿ.

ಬೀಗ ತೆಗೆದು ಒಳ್ಳೆಯದನ್ನೇ ಮಾಡಿದಿರಿ. ನಾನು ವೈದ್ಯನಲ್ಲ, ನಿಮ್ಮ ತಾಯಿಯವರನ್ನು ವೈದ್ಯರು ನೋಡಲೇಬೇಕು. ಆದರೆ ಅಲ್ಲಿಯವರೆಗೆ ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಕೂಡದು ಎಂಬುದನ್ನು ಇಂದೇ ಹೇಳದೆ ಇರಲಾರೆ. ಆಲ್ಪ್ರಜೋಲಾಮ್ ಬೆಂಜೋಡಯಜೆಪಿನ್ ಎಂಬ ಗುಂಪಿಗೆ ಸೇರಿದ ಔಷಧ. ಮಿದುಳಿನ ಉದ್ವೇಗಕ್ಕೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಅದು ಬಲಪಡಿಸುತ್ತದೆ. ತಿಂಗಳುಗಟ್ಟಲೆ ಈ ನೆರವು ಸಿಕ್ಕಾಗ ಮಿದುಳು ತನ್ನ ಸ್ವಂತ ಕಡಿವಾಣವನ್ನು ಸಡಿಲ ಬಿಡುತ್ತದೆ. ಆ ಸ್ಥಿತಿಯಲ್ಲಿ ಮಾತ್ರೆ ಹಠಾತ್ತನೆ ನಿಂತರೆ ನಡುಕ, ಬೆವರು, ತಳಮಳವಷ್ಟೇ ಅಲ್ಲ, ಫಿಟ್ಸ್ ಕೂಡ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಗುಂಪಿನ ಎಲ್ಲ ಔಷಧಗಳ ಮೇಲೂ ಇದೇ ಎಚ್ಚರಿಕೆಯನ್ನು ಚೌಕಟ್ಟಿನೊಳಗೆ ಮುದ್ರಿಸಬೇಕೆಂದು ಆದೇಶಿಸಿತು.

ನಿಮ್ಮ ತಾಯಿಯವರದು ಚಟವಲ್ಲ. ಅವರು ಹೆಚ್ಚು ಮಾತ್ರೆಗಾಗಿ ಹಟ ಹಿಡಿದಿಲ್ಲ, ಕದ್ದು ನುಂಗಿಲ್ಲ. ವೈದ್ಯರು ಹೇಳಿದ ಒಂದನ್ನೇ ದಿನವೂ ನಿಯಮದಂತೆ ತೆಗೆದುಕೊಂಡಿದ್ದಾರೆ. ದೇಹ ಮಾತ್ರೆಗೆ ಒಗ್ಗಿಹೋಗಿದೆ. ಇದನ್ನು ಅವಲಂಬನೆ ಎನ್ನುತ್ತಾರೆ. ದಯವಿಟ್ಟು ಮನೆಯಲ್ಲಿ ಯಾರೂ ಅವರ ಮುಂದೆ ಚಟ ಎಂಬ ಮಾತನ್ನು ಆಡಬೇಡಿ.

ಹಾಗೆಂದು ಇದ್ದದ್ದು ಇದ್ದಂತೆಯೇ ಮುಂದುವರಿಯಲಿ ಎನ್ನಲಾಗದು, ಏಕೆಂದರೆ ಅವರು ಬಿದ್ದದ್ದಕ್ಕೂ ಈ ಮಾತ್ರೆಗೂ ಸಂಬಂಧವಿರುವ ಸಾಧ್ಯತೆ ಹೆಚ್ಚು. ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಈ ಔಷಧದ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಬೇಕು. ವೃದ್ಧರಲ್ಲಿ ಸುಮಾರು 16 ಗಂಟೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರಲ್ಲಿ ಅರ್ಧದಷ್ಟು ಮರುದಿನ ಮಧ್ಯಾಹ್ನ ಒಂದು ಗಂಟೆಗೂ ಮೈಯಲ್ಲಿರುತ್ತದೆ ಎಂದಾಯಿತು. ಹಾಗಿರುವಾಗ ನಸುಕಿನಲ್ಲಿ ಎದ್ದವರ ಕಾಲು ತೊಡರುವುದು, ತಲೆಗೆ ಮಂಪರು ಕವಿಯುವುದು ಆಶ್ಚರ್ಯವಲ್ಲ. ವಯಸ್ಸಾದವರಲ್ಲಿ ಸೊಂಟದ ಮೂಳೆ ಮುರಿತ, ಮರೆವು, ಗೊಂದಲ ಇವೆಲ್ಲಕ್ಕೂ ಈ ಗುಂಪಿನ ಔಷಧಗಳ ನಂಟಿದೆ. ಬಿದ್ದಾಗ ತಲೆಗೆ ಪೆಟ್ಟಾಗಿತ್ತೇ ಎಂಬುದನ್ನು ನೀವು ಬರೆದಿಲ್ಲ. ವೈದ್ಯರಿಗೆ ಅದನ್ನು ಮೊದಲು ತಿಳಿಸಿ.

ನನ್ನ ದೊಡ್ಡಮ್ಮನ ವಿಷಯವನ್ನು ಇಲ್ಲಿ ಹೇಳಬೇಕು. ಅವರು ಇಂಥದೇ ಮಾತ್ರೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಳ್ಳುತ್ತಿದ್ದರು. ಕಾಲು ಮುರಿದು ಆಸ್ಪತ್ರೆಗೆ ಸೇರಿಸಿದಾಗ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ಪಟ್ಟಿಯನ್ನೆಲ್ಲ ಕೊಟ್ಟೆವು, ಇದೊಂದು ಯಾರ ನೆನಪಿಗೂ ಬರಲಿಲ್ಲ. ಮೂರನೆಯ ದಿನ ಅವರು ಗೋಡೆಯ ಮೇಲೆ ಯಾರೋ ಹರಿದಾಡುತ್ತಿದ್ದಾರೆ ಎನ್ನತೊಡಗಿದರು. ವಯಸ್ಸಾಯಿತು, ಅರುಳುಮರುಳು ಎಂದುಕೊಂಡೆವು. ಸೀರೆ ಮಡಿಚುವಾಗ ಗಂಟು ಸಿಕ್ಕಿತು, ಆದರೆ ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟಿದ್ದರಿಂದ ಹೆಸರಿದ್ದ ಭಾಗವೇ ಅದರಲ್ಲಿರಲಿಲ್ಲ. ಅದು ಯಾವ ಮಾತ್ರೆಯೆಂದು ಪತ್ತೆ ಹಚ್ಚಲು ಇನ್ನೊಂದು ದಿನ ಹಿಡಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಇಡೀ ಸ್ಟ್ರಿಪ್ಪನ್ನೇ ತರುತ್ತೇವೆ.

ನಿಲ್ಲಿಸುವ ದಾರಿ ನಿಧಾನದ್ದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ ಹನ್ನೆರಡು ವರ್ಷ ಇದಕ್ಕಾಗಿಯೇ ಚಿಕಿತ್ಸಾಲಯ ನಡೆಸಿದ ಪ್ರೊಫೆಸರ್ ಹೆದರ್ ಆಷ್ಟನ್ ಅವರು ರೋಗಿಯ ದೇಹ ಒಪ್ಪುವ ವೇಗದಲ್ಲೇ ಪ್ರಮಾಣವನ್ನು ಇಳಿಸಬೇಕು ಎಂಬುದನ್ನು ಒತ್ತಿ ಹೇಳಿದರು. ಅಮೆರಿಕದ ವೈದ್ಯ ಸಂಘಗಳು 2025ರಲ್ಲಿ ಕೊಟ್ಟ ಸೂಚನೆಯೂ ಅದೇ ಹಾದಿಯದು: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದರಿಂದ ಆರಂಭಿಸುವುದು, ಎರಡು ವಾರದಲ್ಲಿ ಶೇ. 25 ದಾಟದಿರುವುದು. ತಿಂಗಳುಗಳೇ ಹಿಡಿಯಬಹುದು. ಕೆಲವರಿಗೆ ವೈದ್ಯರು ಹೆಚ್ಚು ಹೊತ್ತು ಮೈಯಲ್ಲಿ ಉಳಿಯುವ ಡಯಜೆಪಾಮ್‌ಗೆ ಬದಲಿಸಿ, ಆಮೇಲೆ ಇಳಿಸುತ್ತಾರೆ. ಈ ಲೆಕ್ಕವನ್ನು ಮನೋವೈದ್ಯರೇ ಹಾಕಬೇಕು, ನೀವು ಬ್ಲೇಡು ಹಿಡಿದು ಕೂರುವುದು ಬೇಡ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯಾಗಿದ್ದರಂತೂ ಅದನ್ನು ತುಂಡರಿಸಲೇಬಾರದು. ಹತ್ತಿರದಲ್ಲಿ ಮನೋವೈದ್ಯರಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಅಲ್ಲಿಯತನಕ ಜೊತೆಗೆ ಏನು ಸೇರುತ್ತಿದೆ ಎಂಬುದರ ಮೇಲೆ ಕಣ್ಣಿಡಿ. ಮದ್ಯ, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆ ಇವು ಕೂಡಿದರೆ ಉಸಿರಾಟವೇ ಕುಗ್ಗಬಹುದು. ತೂಕಡಿಕೆ ತರುವ ನೆಗಡಿ ಮಾತ್ರೆಯೂ ಬೇಡ. ಜನ ಅಷ್ಟಾಗಿ ಅರಿಯದ ಇನ್ನೊಂದಿದೆ: ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಆಲ್ಪ್ರಜೋಲಾಮ್ ದೇಹದಿಂದ ಹೊರಹೋಗದಂತೆ ತಡೆದು ಅದರ ಪರಿಣಾಮವನ್ನು ಬಹಳ ಹೆಚ್ಚಿಸುತ್ತದೆ; ಇವೆರಡನ್ನೂ ಒಟ್ಟಿಗೆ ಕೊಡಲೇಬಾರದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಫಿಟ್ಸ್ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹಳೆಯ ಚೀಟಿಗೆ ಮೂರು ವರ್ಷ ಮಾತ್ರೆ ಕೊಟ್ಟ ಅಂಗಡಿಯ ಬಗ್ಗೆ ನನಗೆ ಸಿಟ್ಟಿದೆ. 2014ರ ಮಾರ್ಚ್‌ನಿಂದ ಈ ಔಷಧ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಾದ ಎಚ್1 ಅನುಸೂಚಿಯಲ್ಲಿದೆ. ವೈದ್ಯರ, ರೋಗಿಯ ಹೆಸರು ಮತ್ತು ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮ ಇರುವುದು ಇಂಥ ಮನೆಗಳನ್ನು ಕಾಯಲೆಂದೇ. ನೆರೆಯ ತೆಲಂಗಾಣದಲ್ಲಿ ಇದೇ ಔಷಧವನ್ನು ಸೇಂದಿಗೆ ಬೆರೆಸಿ ಮಾರಿದ್ದರಿಂದ, ಸೇಂದಿ ಸಿಗದ ದಿನಗಳಲ್ಲಿ ಜನ ನಡುಕ, ಫಿಟ್ಸ್ ಬಂದು ಆಸ್ಪತ್ರೆಗೆ ಸೇರಿದ್ದನ್ನು ನೆನೆದರೆ ನಿಯಮದ ಬೆಲೆ ಗೊತ್ತಾಗುತ್ತದೆ.

ಪತ್ರದ ಕೊನೆಯಲ್ಲಿ, ಪಕ್ಕದ ಮನೆಯವರು ನಿದ್ದೆ ಬರದೆಂದು ಕೇಳಿದಾಗ ಅಮ್ಮ ಎರಡು ಮಾತ್ರೆ ಕೊಟ್ಟಿದ್ದರು ಎಂದು ಒಂದು ಸಾಲು ಬರೆದಿದ್ದೀರಿ. ಆ ನೆರೆಯವರು ರಾತ್ರಿಯಿಡೀ ಗೊರಕೆ ಹೊಡೆಯುತ್ತಾರೆ ಎಂದೂ ಸೇರಿಸಿದ್ದೀರಿ. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆಯಿದ್ದವರಿಗೆ ಈ ಮಾತ್ರೆ ಅಪಾಯಕಾರಿ. ಇಂದು ಸಂಜೆಯೇ ಅವರ ಮನೆಗೆ ಹೋಗಿ, ಆ ಎರಡು ಮಾತ್ರೆ ಇನ್ನೂ ಉಳಿದಿದ್ದರೆ ಕೇಳಿ ವಾಪಸು ತೆಗೆದುಕೊಳ್ಳಿ.

– ಸಂಪಾದಕ