ಪ್ರತಿಕ್ರಿಯೆ: ಬಂಟ್ವಾಳದ ದೊಡ್ಡ ನೆರೆ 1923ರದ್ದೋ, 1924ರದ್ದೋ?

ಅಜ್ಜಿ ಹೇಳುವ ಇಸವಿ 1923, ಓದಿದ್ದರಲ್ಲಿ 1924, ಯಾವುದನ್ನು ಊರಿನ ಚರಿತ್ರೆಯಲ್ಲಿ ಬರೆಯಲಿ ಅಂತ ಕೇಳಿದ್ದೀರಿ. ಬಹುಶಃ ಎರಡು ಬೇರೆ ನೆರೆಗಳು ಬೆರೆತುಹೋಗಿವೆ. ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ 'ಮಾರಿಬೊಳ್ಳ' (ತುಳುವಿನಲ್ಲಿ ಮಹಾನೆರೆ) 1923ರ ಆಗಸ್ಟಿನದು. 1924ರ ಜುಲೈಯದು ಕಾವೇರಿ ಮತ್ತು ಕೇರಳದ ನದಿಗಳ ನೆರೆ. ಅದರ ಹೆಸರು ದೊಡ್ಡದು, ಹಾಗಾಗಿ ಬಂಟ್ವಾಳದ ನೆರೆಯನ್ನೂ ಅದಕ್ಕೇ ಸೇರಿಸಿಬಿಡುತ್ತಾರೆ.

ಮೊದಲು ಹಿರಿಯರ ಹತ್ತಿರ ಕೂತು ಮಾತಾಡಿ. ಇಸವಿ ಕೇಳಬೇಡಿ. ಆಗ ಮನೆಯಲ್ಲಿ ಯಾರ ಮದುವೆಯಾಗಿತ್ತು, ಯಾವ ಮಗು ತೊಟ್ಟಿಲಲ್ಲಿತ್ತು, ನೀರು ಎಷ್ಟನೇ ಮೆಟ್ಟಿಲಿಗೆ ಬಂದಿತ್ತು ಅಂತ ಕೇಳಿ. ಇವು ಅಷ್ಟು ಬೇಗ ಮರೆಯುವಂಥವಲ್ಲ.

ಆಮೇಲೆ, ಬಂಟ್ವಾಳಕ್ಕೆ 1974ರಲ್ಲೂ ದೊಡ್ಡ ನೆರೆ ಬಂದಿತ್ತು, ಅದನ್ನು ಬೇರೆ ಮಾಡಿಕೊಳ್ಳಿ. ಅದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಹಳೇ ಗೋಡೆಯಲ್ಲಿ ನೀರಿನ ಗೆರೆ ಉಳಿದಿದ್ದರೆ, ಅದು 1974ರದ್ದೋ ಹಳೆಯದೋ ಅಂತ ಅವರಿಗೇ ತೋರಿಸಿ ಕೇಳಿ. ಸುಣ್ಣ ಬಳಿದ ಕಡೆ ಗೆರೆ ಸಿಗುವುದು ಕಷ್ಟ.

ಕೊನೆಗೆ ದಾಖಲೆ. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು ಅಲ್ವಾ? ಸುಮ್ನೆ ಬೆಂಗಳೂರಿನಲ್ಲಿ ಹುಡುಕಬೇಡಿ. ಚೆನ್ನೈಯಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಬರೆದು, 1923ರ ಆಗಸ್ಟ್ ನಂತರದ ದಕ್ಷಿಣ ಕನ್ನಡದ ಕಂದಾಯ ಕಡತಗಳು ಇವೆಯಾ ಅಂತ ವಿಚಾರಿಸಿ.